ಧಾರೆ ಸೀರೆಯ ಕರೀ ಸೆರಗು

ಬಣ್ಣದ ಕೆಲಸಕ್ಕೆ ಕೈ ಹಾಕುವವರು ಮೊದಲು ಪಾತ್ರೆ ನೋಡಬೇಕು, ಆಮೇಲೆ ಬಣ್ಣ. ಡಿಸೈನು ಕಲಿಯುತ್ತೇನೆ ಎಂದು ನನ್ನ ಅಂಗಡಿಗೆ ಬರುವ ಮಕ್ಕಳಿಗೆಲ್ಲ ಇದನ್ನೇ ಹೇಳುತ್ತೇನೆ. ಕೆಲವರು ನಗುತ್ತಾರೆ. ನಗಲಿ. ನಾನು ಕಲಿತ ಬೆಂಗಳೂರಿನ ಕಾಲೇಜಿನಲ್ಲಿ ಸಾಲಾಗಿ ತಾಮ್ರದ ಹಂಡೆಗಳಿದ್ದವು. ಅವು ಯಾಕೆ ತಾಮ್ರದವು ಎಂದು ಮೇಷ್ಟ್ರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಯುದ್ಧದ ಕಾಲ. ಕೊನೆಯ ವರ್ಷದ ವಿದ್ಯಾರ್ಥಿಗಳು ಸ್ವಂತ ವಿನ್ಯಾಸದಲ್ಲಿ ಪೂರಾ ಉದ್ದದ ಒಂದು ಬಟ್ಟೆ ಮುಗಿಸಿ ತೋರಿಸಬೇಕಿತ್ತು. ಬಟ್ಟೆ ಎಲ್ಲಿಂದ ಬರಬೇಕು? ಊರೆಲ್ಲ ರೇಷನ್ ಬಟ್ಟೆಗೆ ಸಾಲು ನಿಂತಿತ್ತು. ಅದೇ ಹೊತ್ತಿಗೆ ಅಕ್ಕನ ಮದುವೆ ಗೊತ್ತಾಯಿತು. ಅಮ್ಮ ಹೇಗೋ ಒಂದು ಬಿಳಿ ಸೀರೆ ದೊರಕಿಸಿದ್ದಳು, ಬಣ್ಣದ್ದು ಸಿಕ್ಕಿರಲಿಲ್ಲ. ನಾನು ಎರಡೂ ಕಡೆ ಮಾತಾಡಿದೆ. ಅಮ್ಮನಿಗೆ, "ಧಾರೆ ಸೀರೆ ನಾನೇ ಕೆಂಪಗೆ ಮಾಡಿಕೊಡ್ತೀನಿ" ಎಂದೆ. ಮೇಷ್ಟ್ರಿಗೆ, "ಮದುವೆ ಆದ ಮೇಲೆ ಅದನ್ನೇ ಪರೀಕ್ಷೆಗೆ ತರುತ್ತೇನೆ" ಎಂದೆ. ಇಬ್ಬರೂ ಒಪ್ಪಿದರು.

ಮದುವೆಗೆ ಊರಿಗೆ ಹೊರಟವನು ರೈಲು ಬದಲಾಯಿಸಲು ಬಂಗಾರಪೇಟೆಯಲ್ಲಿ ಇಳಿದಾಗ, ಬೇರು ನಾರು ಮಾರುವ ಅಲ್ಲಿನ ಗ್ರಂಥಿಗೆ ಅಂಗಡಿಗೆ ಹೋದೆ. ಕೆಂಪು ಕೊಡುವ ಮಂಜಿಷ್ಠದ ಬೇರು ಅಂಗಡಿಯವನ ಬಳಿ ಇತ್ತು, ಆದರೆ ಔಷಧಿಗೆ ಬೇಕೆಂದು ಬಿಗಿ ಹಿಡಿದಿದ್ದ. ಅವನ ಅಂಗಡಿಯ ಬೋರ್ಡನ್ನು ನೋಡಿದೆ. ಅಕ್ಷರ ಅಳಿಸಿಹೋಗಿ ಯಾವ ಅಂಗಡಿಯೆಂದು ತಿಳಿಯುವ ಹಾಗಿರಲಿಲ್ಲ.

"ಸಾವ್ಕಾರ್ರೇ, ಬೋರ್ಡು ಓದಾಕಾಗದೆ ಜನ ಮುಂದಿನಂಗಡಿಗೆ ಓಯ್ತಾವ್ರೆ" ಎಂದೆ.

"ಓದಾಕ್ ಬರೋರು ಯಾರಿದ್ದಾರಲಾ ಇಲ್ಲಿ?"

"ಓದಾಕ್ ಬರ್ದಿದ್ರೂ ಬಳ್ಳಿ ನೋಡ್ತಾರೆ, ಹೂ ನೋಡ್ತಾರೆ. ಬಣ್ಣ ನಿಮ್ದು, ಕೈ ನಂದು."

ಮುಂದಿನ ರೈಲು ಬರುವಷ್ಟರಲ್ಲಿ ಬೋರ್ಡಿಗೆ ಹೊಸ ಅಕ್ಷರ, ಸುತ್ತ ಅಳಲೆ ಎಲೆಯ ಬಳ್ಳಿ. ನನ್ನ ಚೀಲದಲ್ಲಿ ಮಂಜಿಷ್ಠ, ಪಟಿಕ, ಮೇಲೆ ಒಂದು ಬೊಗಸೆ ಅಳಲೆಕಾಯಿ. ಕೈಯಲ್ಲಿ ಒಂದು ವಿದ್ಯೆ ಇದ್ದರೆ ಖಾಲಿ ಜೇಬಿನಲ್ಲೂ ವ್ಯಾಪಾರಕ್ಕೆ ನಿಲ್ಲಬಹುದು, ನಾಚಿಕೊಳ್ಳಬಾರದು ಅಷ್ಟೇ.

ನಮ್ಮದು ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯವರು ಕೂಲಿಗಳಿಗೆ ಸಾಲಾಗಿ ಕಟ್ಟಿಸಿದ್ದ ಲೈನ್ ಮನೆ. ಅಪ್ಪ ಭೂಮಿಯೊಳಗೆ ಕೆಲಸ ಮಾಡುತ್ತಿದ್ದ. ಮನೆಯಲ್ಲಿದ್ದದ್ದೆಲ್ಲ ಗಣಿ ಬಿಸಾಕಿದ್ದು. ಡೈನಮೈಟ್ ಪೆಟ್ಟಿಗೆಯ ಹಲಗೆಯೇ ಬಾಗಿಲು, ಕಾರ್ಬೈಡ್ ಡಬ್ಬಿಯೇ ರಾಗಿಯ ಅಳತೆ, ನೀರು ಕಾಯಿಸಲು ಒಂದು ದೊಡ್ಡ ಕಬ್ಬಿಣದ ಡ್ರಮ್ಮು. ಸೀರೆಯನ್ನು ಅಳಲೆಕಾಯಿ ನೀರಿನಲ್ಲಿ ಅದ್ದಿ ಒಣಗಿಸಿದೆ. ಪಟಿಕ ಬೆರೆಸಿದ ಗೋಂದಿನಲ್ಲಿ ನನ್ನ ಮರದ ಅಚ್ಚನ್ನು ಅದ್ದಿ, ಮೈತುಂಬ ಹೂಬಳ್ಳಿ ಒತ್ತಿದೆ. ಪಟಿಕ ಬಿದ್ದಲ್ಲಿ ಮಂಜಿಷ್ಠದ ಕೆಂಪು ಗಾಢವಾಗಿ ಹತ್ತುತ್ತದೆ, ಉಳಿದೆಡೆ ತಿಳಿಯಾಗಿ. ಇನ್ನು ಕುದಿಸುವುದೊಂದೇ ಬಾಕಿ. ಮಾರನೆಯ ದಿನ ಮದುವೆ. ಕಾಮಸಮುದ್ರದ ಕಡೆಯಿಂದ ಗಂಡಿನವರು ಮುನ್ನಾದಿನವಾದ ಅಂದು ಮಧ್ಯಾಹ್ನವೇ ಬರುವವರಿದ್ದರು. ಬಂದವರು ಮೊದಲು ಕೇಳುವುದೇ ಧಾರೆ ಸೀರೆ. ಬೀಗಿತ್ತಿ ಅದನ್ನು ಮುಟ್ಟಿ ನೋಡಿ ಒಪ್ಪಬೇಕು. ಒಪ್ಪದಿದ್ದರೆ ಅಕ್ಕ ಇನ್ನೊಬ್ಬರು ಉಟ್ಟ ಸೀರೆಯನ್ನು ಬೇಡಿ ತಂದು ಧಾರೆಗೆ ನಿಲ್ಲಬೇಕಾಗುತ್ತಿತ್ತು.

ಅಷ್ಟುದ್ದದ ಬಟ್ಟೆ ಮುಳುಗುವ ಪಾತ್ರೆ ಲೈನಿನಲ್ಲಿ ಇದ್ದದ್ದು ಆ ಡ್ರಮ್ಮು ಒಂದೇ. ಬೆಳಿಗ್ಗೆಯೇ ಅದನ್ನು ಒಲೆಗೇರಿಸಿದೆ. ಸೆರಗನ್ನು ಮೊದಲು ಇಳಿಬಿಟ್ಟು ಕೋಲಿನಿಂದ ತಿರುವುತ್ತ ನಿಂತೆ. ಹೂಗಳಿಗೆ ಕೆಂಪು ಏರತೊಡಗಿತು. ಅಕ್ಕ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ತಳದಲ್ಲಿದ್ದ ಸೆರಗನ್ನು ಕೋಲಿನಿಂದ ಎತ್ತಿದೆ. ಅವಳ ನಗು ನಿಂತಿತು.

"ಇದೇನ್ಲಾ ಮಗಾ, ಕರ್ರಗಾಗೈತೆ!" ಅಮ್ಮನ ಕೈಯಲ್ಲಿದ್ದ ಕೊಡ ಅಲ್ಲೇ ನೆಲಕ್ಕೆ ಕೂತಿತು.

ತಳದ ತುಕ್ಕು, ಅಳಲೆಯ ಒಗರು. ಎರಡೂ ಸೇರಿದರೆ ಕಪ್ಪು. ಇದು ಪುಸ್ತಕದಲ್ಲಿತ್ತು, ನಾನು ಓದಿಯೂ ಇದ್ದೆ. ಆದರೆ ಹುಟ್ಟಿದಂದಿನಿಂದ ಆ ಡ್ರಮ್ಮಿನ ನೀರಲ್ಲೇ ಮೈ ತೊಳೆದವನಿಗೆ ಅದು ಕಬ್ಬಿಣವೆಂಬುದೇ ಹೊಳೆದಿರಲಿಲ್ಲ. ಇಡೀ ಸೀರೆಯನ್ನು ಹೊರಗೆಳೆದು ಹಗ್ಗಕ್ಕೆ ಹಾಕಿದೆ. ಮೈ ಚೆಂದದ ಕೆಂಪು. ಸೆರಗು ಮಾತ್ರ ಮಸಿ ಚೆಲ್ಲಿದ ಹಾಗೆ, ಅಂಚು ಹರಿದ ಮೋಡದ ಹಾಗೆ ಅಂಕುಡೊಂಕು.

"ಬೆಂಗ್ಳೂರಿಗೋಗಿ ಕಲ್ತಿದ್ದು ಇದೇನಾ?" ಅಕ್ಕ ಕೇಳಿದಳು. "ನಮ್ಮೊಲೇಲಿ ಇದ್ನ ನಾನೇ ಮಾಡ್ತಿದ್ನಲ್ಲೋ!"

ಸೆರಗಿನ ಕಪ್ಪನ್ನು ತೆಗೆಯುವ ದಾರಿ ನನಗೆ ಗೊತ್ತಿರಲಿಲ್ಲ. ಕಣ್ಣಿಗೆ ಚುಚ್ಚುತ್ತಿದ್ದದ್ದು ಕಪ್ಪಲ್ಲ, ಆ ಅಂಕುಡೊಂಕು ಎಂದು ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು. ಮೈ ಒಂದು ಬಣ್ಣ, ಸೆರಗು ಇನ್ನೊಂದು ಬಣ್ಣದ ಸೀರೆಗಳು ಎಷ್ಟಿಲ್ಲ? ನಡುವಿನ ಗೆರೆ ನೇರವಾಗಿರುತ್ತದೆ, ಅಷ್ಟೇ.

"ಮೈನೆಲ್ಲ ಸುತ್ತಿ ಬಿಗಿಯಾಗಿ ಕಟ್ಟಿ, ಸೆರಗನ್ನ ಮತ್ತೆ ಅದೇ ಡ್ರಮ್ಮಲ್ಲಿ ಅದ್ದುತೀನಿ. ನೇರ ಗೆರೆ ಬರ್ತದೆ."

"ಬ್ಯಾಡ ಕಣ್ಲಾ! ಉಳ್ದಿರೋ ಕೆಂಪೂ ಓಯ್ತದೆ" ಎಂದು ಅಮ್ಮ ಸೀರೆ ಹಿಡಿದುಕೊಂಡಳು.

ದಾರ ಸಡಿಲವಾದರೆ ಕಪ್ಪು ಮೈಗೆ ಏರುತ್ತದೆ. ಆಗ ಏನೂ ಉಳಿಯುವುದಿಲ್ಲ. ಅದನ್ನು ಮುಚ್ಚಿಡದೆ ಹೇಳಿದೆ.

ಅಕ್ಕ ಅಮ್ಮನ ಕೈಯಿಂದ ಸೀರೆ ಬಿಡಿಸಿದಳು. "ಉಡೋಳು ನಾನು. ಅದ್ದು."

ಅವಳೇ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಕಟ್ಟಿದಳು. ಕಟ್ಟಿನ ಮೇಲಿದ್ದ ಮೈಯ ಸುರುಳಿಯನ್ನು ಇಬ್ಬರೂ ಎತ್ತಿ ಹಿಡಿದುಕೊಂಡೆವು, ಆವಿಗೆ ಮುಖ ಬೇಯುತ್ತಿತ್ತು. ತೋಳು ನಡುಗಿದರೆ ಗೆರೆ ಕೆಡುತ್ತದೆಂದು ಅವಳು ಉಸಿರು ಬಿಗಿಹಿಡಿದಿದ್ದಳು. ಬಿಚ್ಚಿದಾಗ ಗೆರೆ ನೇರವಾಗಿತ್ತು. ಅದರಾಚೆ ನೇರಳೆಗಪ್ಪು ನೆಲ, ಅದರಲ್ಲಿ ಕಂದುಗೆಂಪು ಹೂ. ನಾನು ಕಾಗದದ ಮೇಲೆ ಬರೆದದ್ದಕ್ಕಿಂತ ಚೆನ್ನಾಗಿತ್ತು, ಆದರೆ ಕಪ್ಪೇ.

ಸೀರೆ ಒಣಗುವ ಹೊತ್ತಿಗೆ ಬೀಗಿತ್ತಿ ಬಂದರು. ನೀರು ಕುಡಿದು ಚೊಂಬು ಇಡುತ್ತಲೇ ಸೀರೆ ಕೇಳಿದರು. ಮೈ ನೋಡಿ ಸರಿ ಎಂಬಂತೆ ತಲೆಯಾಡಿಸಿದರು. ಸೆರಗು ಬಿಚ್ಚಿದರು.

"ಇದೇನ್ಲಾ ಇದು, ಧಾರೆ ಸೀರೆಗೆ ಕರೀ ಸೆರಗಾ? ನಮ್ಮ ಮನೇಗೆ ಮದ್ವೆಗೆ ಬರ್ತಾವ್ಳಾ, ಸಾವಿಗೆ ಬರ್ತಾವ್ಳಾ?"

ನನಗೆ ಕಾಲೇಜಿನ ಒಂದು ಪಾಠ ನೆನಪಾಯಿತು. ಮೇಷ್ಟ್ರು ಒಂದು ದಿನ ಒಂದೇ ಬೂದು ಕಾಗದದ ತುಂಡನ್ನು ಬಿಳಿಯ ಮೇಲೂ ಕಪ್ಪಿನ ಮೇಲೂ ಇಟ್ಟು, ಅದು ಎರಡು ಬಣ್ಣವಾಗಿ ಕಾಣುವುದನ್ನು ತೋರಿಸಿದ್ದರು. ಬಣ್ಣವನ್ನು ಒಂಟಿಯಾಗಿ ಯಾರಿಗೂ ತೋರಿಸಬೇಡಿ, ಪಕ್ಕದಲ್ಲಿ ಏನಿಡಬೇಕೆಂದು ನೀವೇ ಆರಿಸಿ ಎಂದಿದ್ದರು.

"ಅತ್ತೆ, ಒಂದ್ಗಳಿಗೆ ಬಿಸ್ಲಿಗೆ ಬನ್ನಿ. ನಿಮ್ಮ ಕೊಳ್ಳಲ್ಲಿರೋದು ಏನು?"

"ಕರೀಮಣಿ. ಕಾಣಾಕಿಲ್ವಾ?"

"ಅದನ್ನ ಈ ಸೆರಗಿನ ಮೇಲಿಡಿ. ಯಾವ್ದು ಕಪ್ಪು ಅಂತ ನೀವೇ ಏಳಿ."

ಅವರು ಸರ ಎಳೆದು ಸೆರಗಿನ ಮೇಲೆ ಇಟ್ಟರು. ಮಣಿಯ ಅಪ್ಪಟ ಕಪ್ಪಿನ ಪಕ್ಕದಲ್ಲಿ, ಬಿಸಿಲಲ್ಲಿ, ಸೆರಗು ನೇರಳೆ ಹಣ್ಣಿನ ಹಾಗೆ ಒಳಗಿನ ಕೆಂಪನ್ನು ಬಿಟ್ಟುಕೊಟ್ಟಿತು. ಅವರು ತುಂಬ ಹೊತ್ತು ನೋಡಿದರು, ಬೆರಳಲ್ಲಿ ಉಜ್ಜಿದರು, ಬೆರಳನ್ನೂ ನೋಡಿದರು.

"ಯಾಪಾರ ಚೆನ್ನಾಗಿ ಕಲ್ತಿದ್ದೀಯ. ನನ್ ಮಣೀನ ನನ್ಗೇ ಮಾರ್ತೀಯ" ಎಂದರು. ನಗಲಿಲ್ಲ. "ಸೀರೆ ಉಡ್ಲಿ. ಧಾರೆ ಮುಗಿಯಗಂಟ ಸೆರಗನ್ನ ಒಳೀಕೆ ಸಿಗ್ಸಿರ್ಲಿ. ನಮ್ಮೋರ ಕಣ್ಗೆ ಬೀಳಬಾರ್ದು."

ಅರ್ಧ ಒಪ್ಪಿಗೆ. ಸಿಕ್ಕಿದ ಅರ್ಧವನ್ನು ಹಿಡಿದು ಬಾಯಿ ಮುಚ್ಚಿಕೊಳ್ಳಬೇಕು. ಉಳಿದರ್ಧ ಕೇಳಲು ಹೋದವರು ಮೊದಲರ್ಧವನ್ನೂ ಕಳೆದುಕೊಳ್ಳುವುದನ್ನು ಆಮೇಲಿನ ವರ್ಷಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. "ಆಗ್ಲಿ ಅತ್ತೆ" ಎಂದೆ.

ಆ ಸೀರೆಗೆ ಮೇಷ್ಟ್ರು ಕೊಟ್ಟ ಅಂಕ ಈಗ ನೆನಪಿಲ್ಲ. ಧಾರೆ ನೆನಪಿದೆ. ಅಕ್ಕ ಒಂದು ಕೈಯಿಂದ ಸೊಂಟವನ್ನು ಒತ್ತಿಕೊಂಡೇ ಚಪ್ಪರದಲ್ಲಿ ನಿಂತಿದ್ದಳು. ಸಿಗಿಸಿದ್ದು ಜಾರೀತೆಂದು ನಾನು ಮಂತ್ರ ಕೇಳಲಿಲ್ಲ, ಗಂಡನ್ನು ನೋಡಲಿಲ್ಲ, ಅವಳ ಆ ಕೈಯನ್ನೇ ನೋಡುತ್ತಿದ್ದೆ. ತಾಳಿ ಕಟ್ಟಿದ್ದಾಯಿತು. ಎರಡು ಎಳೆ ಕರೀಮಣಿ ಅವಳ ಕೊರಳಿಗೆ ಬಂತು. ಬೀಗಿತ್ತಿ ಮುಂದೆ ಬಂದು, ಅಕ್ಕನ ಕೈ ಸರಿಸಿ, ಸೊಂಟದಿಂದ ಸೆರಗನ್ನು ತಾವೇ ಎಳೆದು ಅವಳ ಭುಜದ ಮೇಲೆ ಅಗಲವಾಗಿ ಹರಡಿದರು.

"ಈಗ ಮಣಿ ಬಂತಲ್ಲ" ಎಂದರು ನನ್ನ ಕಡೆ ತಿರುಗಿ. "ಪಕ್ದಾಗೆ ಇದೂ ಇರ್ಲಿ."