ಮಸ್ಕಿ ಬಸ್ಸು ಬರುವ ಮುಂಚೆ

ವೇಳೆಗೆ ಮುಂಚೆ ಹೋಗಿ ಕೂಡುವುದು ನನ್ನ ಹಳೆಯ ಚಟ. ಮದುವೆಗೆ ಹೋದರೆ ಅಡುಗೆಯವರು ಇನ್ನೂ ಒಲೆಗೆ ಕಲ್ಲು ಹೂಡುತ್ತಿರುತ್ತಾರೆ. ಮಣ್ಣಿಗೆ ಹೋದರೆ ಕುಣಿ ತೋಡುವವರು ಬೀಡಿ ಸೇದುತ್ತ ಕೂತಿರುತ್ತಾರೆ. "ನಿಮ್ಮ ಮಣ್ಣಿಗಾದ್ರೂ ಒಂಚೂರು ತಡಾ ಮಾಡ್ರಿ" ಎನ್ನುತ್ತಾಳೆ ಹೆಂಡತಿ. ಸಿಂಧನೂರಿನಲ್ಲಿ ಮನೆ ಕಟ್ಟಿಕೊಂಡು ಕೂತ ನಿವೃತ್ತ ಜಿಲ್ಲಾ ನ್ಯಾಯಾಧೀಶನಿಗೆ ಇಂಥ ಮಾತು ಹೇಳುವ ಅಧಿಕಾರ ಅವಳೊಬ್ಬಳಿಗೇ ಇದೆ. ಅದರ ಮೇಲೆ ಅಪೀಲಿಲ್ಲ.

ಬೀಳ್ಕೊಡುಗೆಯ ದಿನ ಭಾಷಣ ಮಾಡಿದ ವಕೀಲರೆಲ್ಲ ಹೊಗಳಿದ್ದು ಈ ಚಟವನ್ನೇ. ನನ್ನ ಒಂದು ತೀರ್ಪನ್ನೂ ಯಾರೂ ನೆನೆಯಲಿಲ್ಲ. "ಸಾಹೇಬರು ಪೀಠಕ್ಕೆ ಬಂದರೆಂದರೆ ಹನ್ನೊಂದು ಹೊಡೆಯಿತೆಂದೇ ಅರ್ಥ" ಎಂದರು. ಚಪ್ಪಾಳೆ ಬಿತ್ತು. ಹಾರದ ಭಾರಕ್ಕೋ ಏನೋ, ನಾನು ತಲೆ ತಗ್ಗಿಸಿದೆ.

ಚಟ ಅಂಟಿದ್ದು ಲಿಂಗಸುಗೂರಿನಲ್ಲಿ, ನಾನು ಎಳೆಯ ಮುನ್ಸೀಫನಾಗಿದ್ದಾಗ. ತಿಂಗಳಿಗೆ ಎಷ್ಟು ಕೇಸು ವಿಲೇವಾರಿ ಮಾಡಿದೆವೆಂದು ಮೇಲಿನವರಿಗೆ ತಖ್ತೆ ಕಳಿಸಬೇಕು. ಬಡ್ತಿಯ ಏಣಿ ನಿಂತಿರುವುದು ಆ ತಖ್ತೆಯ ಮೇಲೆ. ಸಾಕ್ಷಿ ಕೇಳಿ, ವಾದ ಕೇಳಿ, ಕಣ್ಣು ಕೆಂಪಗೆ ಮಾಡಿಕೊಂಡು ತೀರ್ಪು ಬರೆದರೂ ಅದು ವಿಲೇವಾರಿ. ಮೂರು ಸಲ ಹೆಸರು ಕೂಗಿಸಿ, ದಾವೆ ಹೂಡಿದವರು ಓಗೊಡದಿದ್ದರೆ 'ಗೈರುಹಾಜರಿ, ವಜಾ' ಎಂದು ಗೀಚಿದರೂ ವಿಲೇವಾರಿ. ನನ್ನ ಮೊದಲ ತಿಂಗಳ ತಖ್ತೆ ಬಡಕಲಾಗಿತ್ತು. ಅದನ್ನು ನೋಡಿ ಮರುಗಿದ ಮುದಿ ಶಿರಸ್ತೇದಾರರು ಕಿವಿಯಲ್ಲಿ ಹೇಳಿದರು: "ಮಸ್ಕಿ ಬಸ್ಸು ಬರೂದು ಹನ್ನೊಂದೂಕಾಲಕ್ಕರಿ ಸಾಹೇಬ್ರ. ತಿಂಗಳ ಕೊನೀಗೆ ಆ ಕಡೀ ಹಳೇ ಕೇಸು ಬಸ್ಸಿಗಿಂತ ಮೊದಲ ಕೂಗಸ್ರಿ."

ಕೂಗಿಸಿದೆ. ಕಾನೂನಿನ ಒಂದಕ್ಷರವನ್ನೂ ಮೀರಲಿಲ್ಲ. ಹನ್ನೊಂದಕ್ಕೆ ಕೋರ್ಟು ಶುರು, ಹನ್ನೊಂದಕ್ಕೆ ನಾನು ಹಾಜರು. ಬಸ್ಸು ತಡವಾದರೆ ಅದು ಸಾರಿಗೆ ಇಲಾಖೆಯ ವಿಷಯ! ನನ್ನ ತಖ್ತೆ ಮೈ ತುಂಬಿಕೊಂಡಿತು, ನಾನು ಏಣಿ ಹತ್ತಿದೆ.

ಹಿಂದಿನ ಕಾಲದ ರಾಜರು ಅರಮನೆಯ ಬಾಗಿಲಿಗೆ ಗಂಟೆ ಕಟ್ಟಿಸುತ್ತಿದ್ದರಂತೆ. ನೊಂದವನು ಯಾವಾಗ ಬಂದು ಹಗ್ಗ ಎಳೆದರೂ ರಾಜ ಎದ್ದು ಬರಬೇಕು. ನಾವು ಗಂಟೆ ಬಿಚ್ಚಿ ಗಡಿಯಾರ ತೂಗುಹಾಕಿದೆವು. ಅದಕ್ಕೆ ಕೀಲಿ ಕೊಡುವವರೂ ನಾವೇ. ಅದೇ ಮಸ್ಕಿಯ ಬಂಡೆಯ ಮೇಲೆ ಎರಡು ಸಾವಿರ ವರ್ಷದ ಹಿಂದೆಯೇ ಒಬ್ಬ ಚಕ್ರವರ್ತಿ ಸಣ್ಣವರೂ ಮೇಲೇರಬಹುದೆಂದು ಕೊರೆಸಿದ್ದಾನೆ. ಎಷ್ಟು ಗಂಟೆಯೊಳಗೆ ಎಂದು ಕೊರೆಸುವುದನ್ನು ಮರೆತ, ಪುಣ್ಯಾತ್ಮ.

ಹೋದ ವರ್ಷದಿಂದ ನಮ್ಮ ಮನೆಗೆ ರೊಟ್ಟಿ ಬಡಿಯಲು ಹುಸೇನ್‌ಬಿ ಬರುತ್ತಾಳೆ. ವಯಸ್ಸು ಅರವತ್ತರ ಹತ್ತಿರ. ಏಳು ಗಂಟೆಗೆ ಬಾ ಎಂದರೆ ಆರೂ ಮುಕ್ಕಾಲಿಗೆ ಗೇಟಿನಲ್ಲಿರುತ್ತಾಳೆ. ನನ್ನಂಥವರು ಇನ್ನೊಬ್ಬರಿದ್ದಾರಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು. ಒಂದು ದಿನ ಹೆಂಡತಿ ಕೇಳಿದಳು: "ಇಷ್ಟ್ಯಾಕ ಅವಸರ ಮಾಡಿ ಬರ್ತೀ ಹುಸೇನ್‌ಬಿ?"

"ಒಮ್ಮೆ ತಡಾ ಮಾಡಿ ಹೊಲಾ ಕಳಕೊಂಡೀನ್ರಿ ಅಕ್ಕಾರ" ಎಂದಳು, ರೊಟ್ಟಿಯಿಂದ ಕಣ್ಣು ತೆಗೆಯದೆ. ಅಪ್ಪ ಅವಳಿಗೆ ಕೊಟ್ಟ ಎರಡು ಎಕರೆಯನ್ನು ಅಣ್ಣ ಕಿತ್ತುಕೊಂಡನಂತೆ. ಲಿಂಗಸುಗೂರಿನಲ್ಲಿ ಕೇಸು. ಆ ದಿನ ಅವಳ ವಕೀಲರು ಬೇರೆ ಊರಿನ ಕೋರ್ಟಿಗೆ ಹೋಗಿದ್ದರು. ಅಣ್ಣ ಮೋಟರ್ ಸೈಕಲ್ಲಿನಲ್ಲಿ ಬಂದು ಮುಟ್ಟಿದ್ದ; ಅವಳು ಮಸ್ಕಿ ಬಸ್ಸಿನಲ್ಲಿದ್ದಳು. "ಓಡಿ ಬಂದು, ಸಾಹೇಬ್ರ ಬಂದೀನ್ರಿ ಅಂದೆ. ಜಡ್ಜ್ ಸಾಹೇಬ್ರು ತಲಿ ಎತ್ತಲಿಲ್ಲ. ಮುಗದೈತಿ, ವಕೀಲರನ್ನ ಕೇಳು ಅಂದ್ರು. ತಪ್ಪು ನಂದೇ ಬಿಡ್ರಿ. ತಡಾ ಮಾಡಿ ಹೊಲಾ ಕಳದಾಕಿ ಅಂತ ನನ್ನ ಗಂಡ ಇವತ್ತಿಗೂ ಅಂತಾನ."

ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ನಾನು ಕಪ್ಪು ಕೆಳಗಿಟ್ಟೆ. 'ಬಂದೀನ್ರಿ' ಎಂಬ ಆ ಕೂಗು ನನಗೆ ನೆನಪಿತ್ತು. ಇನ್ನೊಮ್ಮೆ ಕೂಗಿಸಿದ್ದರೆ ಅರ್ಧ ನಿಮಿಷ ಸಾಕಿತ್ತು. ಮತ್ತೆ ತೆರೆಯಲು ಮೂವತ್ತು ದಿನದೊಳಗೆ ಅರ್ಜಿ ಹಾಕಬಹುದೆಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ, ಏಕೆಂದರೆ ತಖ್ತೆಯಲ್ಲಿ ಅವಳ ಕೇಸು ಆಗಲೇ ಸೇರಿತ್ತು.

ನಾಲ್ಕು ದಿನ ನನ್ನ ಮನಸ್ಸು ವಾಯಿದೆ ಕೇಳುತ್ತಲೇ ಇತ್ತು. ಐದನೇ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಹೇಳಿಬಿಟ್ಟೆ. ಜಡ್ಜ್ ನಾನೇ ಎಂದೆ. ಬಸ್ಸು ಯಾವಾಗ ಬರುತ್ತದೆಂದು ಗೊತ್ತಿದ್ದೇ ಮುಂಚೆ ಕೂಗಿಸಿದೆ ಎಂದೆ.

ಅವಳ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

"ಅವತ್ತ ನೀವು ತಲಿ ಎತ್ತಿದ್ರ ಇಲ್ಲಿ ಬಂದ ದಿನಾನ ಗುರ್ತು ಹಿಡೀತಿದ್ನಿ" ಎಂದಳು. ಆಮೇಲೆ, "ಹಂಗಾರ ನಾ ತಡಾ ಮಾಡಿಲ್ಲ?"

"ಇಲ್ಲ."

"ಬರದು ಕೊಡ್ರಿ. ನನ್ನ ಗಂಡಗ ತೋರಸಬೇಕು."

ಬರೆಯುವುದು ನನಗೇನು ಹೊಸದೇ? ಹತ್ತು ನಿಮಿಷದಲ್ಲಿ ಮುಗಿಸಿ ಓದಿ ಹೇಳಿದೆ: 'ವಾದಿಯು ಬರುವ ಮುನ್ನವೇ ಪ್ರಕರಣವನ್ನು ಕೂಗಿಸಲಾಗಿದ್ದು, ಗೈರುಹಾಜರಿಗೆ ವಾದಿಯು ಕಾರಣಳಲ್ಲವೆಂದು ಕಂಡುಬರುತ್ತದೆ.' ಅವಳು ಗಮನವಿಟ್ಟು ಕೇಳಿದಳು.

"ಇದರಾಗ ನೀವು ಎಲ್ಲಿ ಅದೀರಿ?"

ಹಾಳೆ ಹರಿದೆ. ಎರಡನೆಯದು ಅಷ್ಟು ಸುಲಭವಾಗಲಿಲ್ಲ. ಮಧ್ಯಾಹ್ನದವರೆಗೆ ಹಿಡಿಯಿತು, ಆದದ್ದು ಮೂರೇ ಸಾಲು. ಹುಸೇನ್‌ಬಿ ತಡ ಮಾಡಿಲ್ಲ. ಬಸ್ಸು ಬರುವ ಮುಂಚೆ ಬೇಕೆಂದೇ ಕೂಗಿಸಿದವನು ನಾನು. ಹೊಲ ಹೋದದ್ದು ನನ್ನಿಂದ. ಕೆಳಗೆ ಸಹಿ ಹಾಕಿದೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆ ಚೀಲದೊಳಗಿಟ್ಟುಕೊಂಡು ಹೋದಳು. ಇಷ್ಟು ವರ್ಷದಲ್ಲಿ ಒಂದು ಒಳ್ಳೆಯ ತೀರ್ಪು ಬರೆದೆನೆಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಹುದ್ದೆ ಹೋದರೂ ಆ ಬುದ್ಧಿ ಹೋಗುವುದಿಲ್ಲ ನೋಡಿ.

ಮರುದಿನ ನಾನೇ ಕೇಳಿದೆ: "ಏನಂದ ನಿನ್ನ ಗಂಡ?"

"ಪಕ್ಕದ ಮನೀ ಹುಡುಗಿ ಕಡಿಂದ ಎರಡು ಸಲ ಓದಿಸ್ಯಾನ್ರಿ. ಇನ್ನ ಮ್ಯಾಲೆ ನಿನಗೇನೂ ಅನ್ನೂದಿಲ್ಲ ಅಂದ."

"ಮತ್ತೆ?"

ಹುಸೇನ್‌ಬಿ ಹಿಟ್ಟಿಗೆ ಬಿಸಿನೀರು ಹೊಯ್ದಳು. "ಕಾಗದಾ ಚೊಲೋ ಬರದಾರ, ಹೊಲಾ ಯಾವಾಗ ಕೊಡ್ತಾರಂತ ಕೇಳ್ಯಾನ್ರಿ."

ಮುಂದಿನ ತಾರೀಕು ಕೊಡೋಣವೆಂದರೆ, ಅವಳ ಮನೆಯಲ್ಲಿ ನಾನು ಜಡ್ಜನಲ್ಲ.