ಹಟ್ಟಿಯ ಬೇಲಿಯಲ್ಲಿ ನಿಂತ ವ್ಯಾಪಾರ

ಅದು ೨೦೦೪ರ ಬೇಸಿಗೆ. ಸೈನ್ಯದಿಂದ ನಿವೃತ್ತನಾಗಿ ಚಳ್ಳಕೆರೆಗೆ ಬಂದು, ಜಮೀನು ಮತ್ತು ಸೈಟು ಕೊಡಿಸುವ ಏಜೆಂಟ್ ಕೆಲಸ ಹಿಡಿದು ನನಗೆ ಎರಡನೇ ವರ್ಷ ನಡೆಯುತ್ತಿತ್ತು.

ಈಗ ಈ ಕಸುಬಿಗೆ ಹೊಸದಾಗಿ ಇಳಿಯುವವರು ಸಲಹೆ ಕೇಳಲು ನನ್ನ ಹತ್ತಿರ ಬರುತ್ತಾರೆ. ಪಹಣಿ ನೋಡಿ, ಹದ್ದುಬಸ್ತನ್ನು ಕಾಲ್ನಡಿಗೆಯಲ್ಲೇ ಸುತ್ತಿ ಬನ್ನಿ, ಒಂದೇ ಜಮೀನನ್ನು ಬೇಸಿಗೆಯಲ್ಲೂ ನೋಡಿ ಮಳೆಗಾಲದಲ್ಲೂ ನೋಡಿ, ಮನೆಯ ಹೆಣ್ಣುಮಕ್ಕಳು ಒಪ್ಪದೆ ಮುಂಗಡ ಕೊಡಿಸಬೇಡಿ ಎನ್ನುತ್ತೇನೆ. ಅವರು ತಲೆಯಾಡಿಸುತ್ತಾರೆ. ಇವೆಲ್ಲ ಅವರಿಗೂ ಗೊತ್ತಿರುವುದೇ. ಆಮೇಲೆ ಓಬಯ್ಯನವರ ವಿಷಯ ಹೇಳುತ್ತೇನೆ.

ಓಬಯ್ಯನವರು ಮೊಳಕಾಲ್ಮೂರು ಕಡೆಯ ಒಂದು ಹಟ್ಟಿಯವರು. ಅವರ ಮನೆತನಕ್ಕೆ ಹಟ್ಟಿಯ ದೇವರ ಎತ್ತುಗಳನ್ನು ಕಾಯುವ ಹಕ್ಕು ತಲೆಮಾರುಗಳಿಂದ ಬಂದಿತ್ತು. ಹಾಗೆ ಕಾಯುವವರನ್ನು ಅಲ್ಲಿ ಕಿಲಾರಿ ಎನ್ನುತ್ತಾರೆ. ಆ ಎತ್ತುಗಳನ್ನು ಯಾರೂ ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ರಸ್ತೆಯ ಪಕ್ಕದಲ್ಲಿದ್ದ ತಮ್ಮ ಒಣಭೂಮಿಯನ್ನು ಮಾರಿ, ಹಟ್ಟಿಗೆ ಹತ್ತಿರದಲ್ಲಿ ಬಾವಿ ಇರುವ ನೆಲವೊಂದನ್ನು ಕೊಳ್ಳಬೇಕೆಂಬುದು ಅವರ ಆಸೆ.

ಕೊಳ್ಳಲು ಬಂದವರು ಆಂಧ್ರ ಗಡಿಯಾಚೆಯ ರಾಯದುರ್ಗದ ಸೀನಯ್ಯ. ಅವರು ಕೋಳಿ ಫಾರಂ ಮಾಡುವವರಿದ್ದರು. ಅಂಥ ಜಾಗಕ್ಕಾಗಿ ಬಹಳ ದಿನಗಳಿಂದ ಅಲೆದಿದ್ದರು.

ಮಾರುವವರಿಗೂ ಕೊಳ್ಳುವವರಿಗೂ ಮೊದಲೇ ಭೇಟಿ ಮಾಡಿಸಿಬಿಡೋಣ ಎಂದು ನಾನು ಹೇಳಿದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ತಿಪ್ಪೇಶ ನಕ್ಕುಬಿಟ್ಟ.

"ನಿಮ್ಮ ಮಿಲ್ಟ್ರಿ ರೂಲ್ಸು ಇಲ್ಲಿ ನಡೆಯಂಗಿಲ್ಲ ಸಾರ್. ಬೀಗರು ಬೀಗರು ಮೊದ್ಲೇ ಒಂದಾದ್ರೆ ಮದುವೆ ಮಾಡ್ಸಿದೋನಿಗೆ ಊಟದ ಎಲೆನೂ ಹಾಕಂಗಿಲ್ಲ. ಮುಂಗಡದ ದಿನ ತೋರ್ಸಿದ್ರೆ ಸಾಕು."

ಇದು ತಿಪ್ಪೇಶ ಹುಟ್ಟಿಸಿದ ನಿಯಮವಲ್ಲ. ನಮ್ಮ ಕಡೆಯ ದಲ್ಲಾಳಿಗಳೆಲ್ಲ ಅಂದಿಗೂ ಹಾಗೆಯೇ ಮಾಡುತ್ತಿದ್ದರು, ಇಂದಿಗೂ ಹಾಗೆಯೇ ಮಾಡುತ್ತಾರೆ. ಇಬ್ಬರೂ ನೇರವಾಗಿ ಮಾತಾಡಿಕೊಂಡರೆ ನಡುವಿನವನನ್ನು ಬಿಟ್ಟುಬಿಡುತ್ತಾರೆಂಬ ಭಯ. ನಾನೂ ಕಸುಬಿನ ಕ್ರಮಕ್ಕೆ ತಲೆಬಾಗಿದೆ. ಸೀನಯ್ಯನವರಿಗೆ ನೆಲ ತೋರಿಸುವಾಗ ಓಬಯ್ಯ ಬರಲಿಲ್ಲ. ಓಬಯ್ಯನವರ ಮನೆಗೆ ಹೋದಾಗ ಸೀನಯ್ಯ ಬರಲಿಲ್ಲ.

ದರ ಕುದುರಿದ ದಿನ ಓಬಯ್ಯ ನನ್ನನ್ನು ದೇವರ ಎತ್ತುಗಳನ್ನು ಕೂಡುವ ರೊಪ್ಪಕ್ಕೆ ಕರೆದುಕೊಂಡು ಹೋದರು. ಹಿರಿಯ ಎತ್ತೊಂದರ ಬೆನ್ನ ಮೇಲೆ ಕೈಯಿಟ್ಟು, "ಕಾಗದ ಆಮ್ಯಾಲೆ ಆಗ್ಲಿ ಸಾಮಿ. ನಿಮ್ಮ ಗಿರಾಕಿಗೇ ಕೊಡ್ತೀನಿ. ಮಾತು ಕೊಟ್ಟಿದೀನಿ," ಎಂದರು. ಯಾರು, ಏತಕ್ಕೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮುಂಗಡದ ದಿನ ನಾನು, ತಿಪ್ಪೇಶ ಬೆಳಿಗ್ಗೆಯೇ ಹಟ್ಟಿ ಸೇರಿದೆವು. ಜಾಲಿಮುಳ್ಳಿನ ಬೇಲಿಯ ಒಳಗೆ ಓಬಯ್ಯನವರ ಅಂಗಳದಲ್ಲಿ ಕಂಬಳಿ ಹಾಸಿದ್ದರು. ಹಟ್ಟಿಯ ನಾಲ್ಕಾರು ಹಿರಿಯರು ಕೂತಿದ್ದರು. ತಟ್ಟೆಯಲ್ಲಿ ಎಲೆ ಅಡಿಕೆ ಇತ್ತು. ಸೀನಯ್ಯನವರ ಜೀಪು ಬೇಲಿಯ ಹೊರಗೆ ನಿಂತಿತು. ಅವರು ಬಿಳಿ ಪಂಚೆ ಉಟ್ಟು ಇಳಿದರು. ಕಂಕುಳಲ್ಲಿ ಕಾಲು ಕಟ್ಟಿದ ಒಂದು ದೊಡ್ಡ ನಾಟಿ ಹುಂಜ ಇತ್ತು. ಭೂಮಿ ಹಿಡಿಯುವ ದಿನ ಅದರ ಅಂಚಿನಲ್ಲಿ ಕೋಳಿ ಕೊಯ್ದು, ಎಲ್ಲರೂ ಕೂಡಿ ಉಣ್ಣುವುದು ಅವರ ಊರಿನ ಪದ್ಧತಿ.

ಅವರು ಬೇಲಿಯ ಬಾಯಿಗೆ ಬರುವಷ್ಟರಲ್ಲಿ ಓಬಯ್ಯನವರ ಅವ್ವ ಎದ್ದು ನಿಂತು ಕೂಗಿದರು.

"ಅಲ್ಲೇ ನಿಲ್ಲಪ್ಪ! ಕಾಲು ಮುಂದಕ್ಕಿಡಬ್ಯಾಡ!"

ಸೀನಯ್ಯ ಒಂದು ಕಾಲು ಎತ್ತಿದವರು ಹಾಗೆಯೇ ಹಿಂದಕ್ಕಿಟ್ಟರು. "ಏಮೈಂದಿ ಸಾರ್? ಏನಾಯ್ತು?" ಎಂದು ನನ್ನತ್ತ ನೋಡಿದರು.

ಆ ಹಟ್ಟಿಯವರು ಕೋಳಿ ತಿನ್ನುವುದಿಲ್ಲ, ಸಾಕುವುದಿಲ್ಲ. ಹಟ್ಟಿಯೊಳಕ್ಕೆ ಕೋಳಿ ಬಂದರೆ ದೇವರಿಗೆ ಮೈಲಿಗೆ. ಅವರು ತಿನ್ನುವುದಿಲ್ಲ ಎಂಬುದನ್ನು ನಾನು ಕೇಳಿದ್ದೆ. ಅದು ಊಟದ ವಿಷಯ ಎಂದುಕೊಂಡಿದ್ದೆನೇ ಹೊರತು ನೆಲದ ವಿಷಯ ಎಂದು ನನಗೆ ಹೊಳೆದಿರಲಿಲ್ಲ.

ತಿಪ್ಪೇಶ ಓಡಿಹೋಗಿ, "ಜೀಪ್ನಾಗೆ ಇಟ್ಟು ಬರ್ರಿ ಸಾರ್, ಏನಾಗಂಗಿಲ್ಲ," ಎಂದ. ಸೀನಯ್ಯ ಮುಗ್ಧವಾಗಿ, "ಇದು ಒಂದೇ ಬೇಡ ಅಂದ್ರೆ ಹೆಂಗೆ ಸಾರ್? ನಾಳೆ ಫಾರಂನಾಗೆ ಸಾವಿರಾರು ಇರ್ತಾವಲ್ಲ," ಎಂದುಬಿಟ್ಟರು.

ಹಿರಿಯರಲ್ಲಿ ಒಬ್ಬರು ನಿಧಾನವಾಗಿ ಕೇಳಿದರು. "ಏನಲೇ ಓಬಾ, ದೇವರ ಎತ್ತು ಮೇವಿಗೆ ಹೋಗೋ ದಾರಿ ಅದು. ಅಲ್ಲಿ ಕೋಳಿ ಇಡಾಕೆ ನೆಲ ಕೊಟ್ಟೆಯಾ?"

ಓಬಯ್ಯನವರು ಎರಡು ಕಡೆಯಿಂದಲೂ ಸಿಕ್ಕಿಬಿದ್ದರು. ನೆಲ ಕೊಟ್ಟರೆ ಕಿಲಾರಿಯ ಹಕ್ಕು ಹೋಗುತ್ತದೆ, ಹಟ್ಟಿ ಅವರನ್ನು ಹೊರಗಿಡುತ್ತದೆ. ಕೊಡದಿದ್ದರೆ ಎತ್ತಿನ ಮೇಲೆ ಕೈಯಿಟ್ಟು ಆಡಿದ ಮಾತು ಸುಳ್ಳಾಗುತ್ತದೆ. ಅಂಥವನೂ ಆ ಎತ್ತುಗಳನ್ನು ಮುಟ್ಟುವಂತಿಲ್ಲ.

"ನೀವು ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಸಾಮಿ," ಎಂದರು ನನಗೆ. ದನಿಯಲ್ಲಿ ಕೋಪವಿರಲಿಲ್ಲ.

"ಮಾತನ್ನು ನೀವು ನನಗೆ ಕೊಟ್ಟಿದ್ದು. ನಾನು ವಾಪಸ್ ಕೊಟ್ಟರೆ ಆಗುತ್ತದೆಯೇ?" ಎಂದೆ.

ಅವರ ಅವ್ವ ಉತ್ತರ ಕೊಟ್ಟರು. "ಆತೈತೆ. ಆದ್ರೆ ಕೊಳ್ಳೋನು ಮನಸಾರೆ ಬಿಡಬೇಕು. ಆಮ್ಯಾಲೆ ನೀನು ಎತ್ತಿನ ಮುಂದೆ ಹೇಳ್ಬೇಕು."

ನಾನು ಬೇಲಿಯ ಹೊರಗೆ ಹೋಗಿ ಸೀನಯ್ಯನವರಿಗೆ ಎಲ್ಲವನ್ನೂ ವಿವರಿಸಿದೆ. ಆ ನೆಲ ಅವರಿಗೆ ತುಂಬ ಹಿಡಿಸಿತ್ತು. ರಸ್ತೆ, ಕರೆಂಟು ಎರಡೂ ಹತ್ತಿರ. ಮಾತು ಕೊಟ್ಟಿದ್ದಾರೆ, ಕೊಡಲೇಬೇಕು ಎಂದು ಅವರು ಹಟ ಹಿಡಿದಿದ್ದರೆ ತಪ್ಪು ಎನ್ನಲು ನನಗೆ ಬಾಯಿರಲಿಲ್ಲ. ಕೊನೆಗೆ ಅವರು ಹುಂಜವನ್ನು ಜೀಪಿನೊಳಗೆ ಇಟ್ಟು, ಕೈ ಒರೆಸಿಕೊಂಡರು.

"ನನಗೆ ಭೂಮಿ ಇನ್ನೊಂದು ಕಡೆ ಸಿಗ್ತದೆ ಸಾರ್. ಆಯಪ್ಪನಿಗೆ ಇನ್ನೊಂದು ಹಟ್ಟಿ ಎಲ್ಲಿ ಸಿಗ್ತದೆ? ಬಿಟ್ಟೆ ಅಂತ ಹೇಳಿ."

ನಾನು ಬೂಟು ಬಿಚ್ಚಿಟ್ಟು ರೊಪ್ಪದೊಳಗೆ ಹೋದೆ. ಎತ್ತಿನ ಬೆನ್ನ ಮೇಲೆ ಕೈಯಿಟ್ಟೆ. ಬಿಸಿಲಿಗೆ ಅದರ ಚರ್ಮ ಬೆಚ್ಚಗಿತ್ತು. "ಓಬಯ್ಯನವರು ಕೊಟ್ಟ ಮಾತನ್ನು ಅವರಿಗೇ ವಾಪಸ್ ಕೊಟ್ಟಿದ್ದೇನೆ," ಎಂದೆ. ಹಿರಿಯರು ಒಬ್ಬೊಬ್ಬರಾಗಿ ತಲೆಯಾಡಿಸಿದರು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಓಬಯ್ಯ ನೇರವಾಗಿ ಬೇಲಿ ದಾಟಿ ಹೋದರು. ಅದುವರೆಗೂ ಒಮ್ಮೆಯೂ ಮುಖ ನೋಡಿರದ ಸೀನಯ್ಯನವರ ಮುಂದೆ ನಿಂತು ಎರಡೂ ಕೈ ಮುಗಿದರು. "ನಿಮ್ಮನ್ನ ಬಾಗಿಲಿಗೆ ಕರೆಸ್ಕೊಂಡು ಹೊರಗೆ ನಿಲ್ಸಿದೆ. ತಪ್ಪಾತು, ಮನಸಿನಾಗೆ ಇಟ್ಕಬ್ಯಾಡ್ರಿ," ಎಂದರು. ಸೀನಯ್ಯ ಗಾಬರಿಯಿಂದ ಅವರ ಕೈ ಹಿಡಿದುಕೊಂಡು, "ವದ್ದಣ್ಣಾ, ವದ್ದು, ಕೈ ಮುಗೀಬೇಡಿ," ಎನ್ನುತ್ತಲೇ ಇದ್ದರು. ಓಬಯ್ಯನವರ ಅವ್ವ ಮಜ್ಜಿಗೆಯ ಚೊಂಬನ್ನು ಹೊರಗೇ ತಂದು ಕೊಟ್ಟರು. ಇಬ್ಬರೂ ಜೀಪಿನ ನೆರಳಿನಲ್ಲಿ ನಿಂತು ಕುಡಿದರು.

ಸೀನಯ್ಯನವರಿಗೆ ಮುಂದೆ ರಾಂಪುರದ ಕಡೆ ಜಾಗ ಸಿಕ್ಕಿತು. ಓಬಯ್ಯನವರ ಒಣಭೂಮಿ ಅವರಲ್ಲೇ ಉಳಿಯಿತು. ಬಾವಿಯ ನೆಲ ಅವರಿಗೆ ಸಿಗಲಿಲ್ಲ, ಅದನ್ನು ಬೇರೆಯವರು ಕೊಂಡರು.

ಅಂದಿನಿಂದ ನಾನು ದರದ ಮಾತಿಗೆ ಮೊದಲೇ ಇಬ್ಬರನ್ನೂ ಆ ನೆಲದ ಮೇಲೆಯೇ ಕೂರಿಸುತ್ತೇನೆ. ಏಕೆ ಮಾರುತ್ತೀರಿ, ಏನು ಮಾಡುತ್ತೀರಿ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಲಿ ಎಂದು ಬಿಡುತ್ತೇನೆ. ಹೊಸಬರಿಗೂ ಇದನ್ನೇ ಹೇಳುತ್ತೇನೆ. "ನಿಮ್ಮನ್ನ ಬಿಟ್ಟು ವ್ಯಾಪಾರ ಮಾಡ್ಕೊಂಡ್ರೆ ಏನ್ ಮಾಡ್ತೀರಿ ಸಾರ್?" ಎಂದು ಅವರು ಕೇಳುತ್ತಾರೆ. ಹಾಗೆ ಮಾಡಿಕೊಂಡವರೂ ಇದ್ದಾರೆ. ಮಾಡಿಕೊಳ್ಳಲಿ. ತಪ್ಪಿಲ್ಲದ ಒಬ್ಬ ಮನುಷ್ಯ ತಪ್ಪಿಲ್ಲದ ಇನ್ನೊಬ್ಬನ ಮುಂದೆ ಕೈಮುಗಿದು ನಿಲ್ಲುವುದನ್ನು ಮತ್ತೊಮ್ಮೆ ನೋಡುವ ಶಕ್ತಿ ನನಗಿಲ್ಲ.