ನಿಂದಲ್ಲ ಚಿನ್ನ, ಕೂತ್ಕೋ

ಥೆಲ್ಮಾ ಬಟರ್‌ವರ್ತ್ ಮೀನು ಕೊಳ್ಳಲು ಹೋದರೆ ಅಂಗಡಿಯವನು ಕರಿದ ಮೀನಿನ ಬಿಸಿ ಪೊಟ್ಟಣವನ್ನು ಮುಂದೆ ಚಾಚಿ, ಅವಳು ಕೈ ನೀಡುವಷ್ಟರಲ್ಲಿ ಹಿಂದಕ್ಕೆಳೆದುಕೊಂಡು, "ನಿಂದಲ್ಲ ಚಿನ್ನ, ಕೂತ್ಕೋ" ಎನ್ನುತ್ತಿದ್ದ. ಸಾಲಿನಲ್ಲಿ ನಿಂತವರೆಲ್ಲ ನಗುತ್ತಿದ್ದರು. ಥೆಲ್ಮಾಳೂ ನಗಬೇಕಿತ್ತು. ನಗದಿದ್ದರೆ, ಹೆಸರು ಬಂದಮೇಲೆ ಇವಳಿಗೆ ಕೊಬ್ಬು ಬಂತು ಎಂದು ರೋಚ್‌ಡೇಲ್ ಊರೆಲ್ಲ ಆಡಿಕೊಳ್ಳುತ್ತಿತ್ತು. ನಿಜ ಹೇಳಬೇಕೆಂದರೆ ಅವಳ ಹೆಸರು ಯಾರಿಗೂ ಬೇಕಿರಲಿಲ್ಲ. ಬೇಕಿದ್ದದ್ದು ಆ ಒಂದು ಮಾತು.

ಅವಳು ಹಳೆಯ ಸಿನಿಮಾ ಮಂದಿರವೊಂದರಲ್ಲಿ ಬಿಂಗೊ ಕೂಗುತ್ತಿದ್ದಳು. ಅವಳು ಪ್ರತಿ ಸಂಖ್ಯೆಯನ್ನು ಅದಕ್ಕಿರುವ ಅಡ್ಡಹೆಸರಿನ ಜೊತೆ ಕೂಗುವುದು, ಕೆಳಗೆ ಕೂತವರು ತಮ್ಮ ಚೀಟಿಯಲ್ಲಿ ಅದನ್ನು ಹೊಡೆದುಹಾಕುವುದು, ಚೀಟಿ ತುಂಬಿದವರು "ಹೌಸ್" ಎಂದು ಅರಚುವುದು. ಮುಂದಿನ ಸಂಖ್ಯೆ ಕೂಗುವ ಮೊದಲೇ ಅರಚಬೇಕು, ಇಲ್ಲದಿದ್ದರೆ ಬಹುಮಾನದ ಹಣ ಕೈತಪ್ಪಿತು. ವಯಸ್ಸಾದವರು, ಕನ್ನಡಕ ಮರೆತು ಬಂದವರು ಆಗಾಗ ಸುಮ್ಮಸುಮ್ಮನೆ ಅರಚಿ, ತಪ್ಪು ಗೊತ್ತಾದಾಗ ಮುಖ ಕೆಂಪಗೆ ಮಾಡಿಕೊಂಡು ನಿಂತುಬಿಡುತ್ತಿದ್ದರು. ಅವರಿಗೆ ನೋವಾಗಬಾರದೆಂದು ಥೆಲ್ಮಾ ಮಗುವಿಗೆ ಹೇಳಿದಂತೆ ಎಳೆದು ಹೇಳುತ್ತಿದ್ದಳು: "ನಿಂದಲ್ಲ ಚಿನ್ನ, ಕೂತ್ಕೋ."

ಆ ಗಂಟಲು ಹುಟ್ಟಿನಿಂದ ಬಂದದ್ದಲ್ಲ. ಹುಡುಗಿಯಾಗಿದ್ದಾಗಲೇ ಹತ್ತಿಗಿರಣಿಯ ಮಗ್ಗದ ಮನೆ ಸೇರಿ, ಅದು ಬಾಗಿಲು ಹಾಕುವವರೆಗೂ ನೇಯ್ದವಳು ಅವಳು. ಮಗ್ಗದ ಗದ್ದಲದಲ್ಲಿ ಪಕ್ಕದವಳಿಗೆ ಕೂಡ ಏನೂ ಕೇಳಿಸದು. ಅದಕ್ಕೇ ಆ ಸೀಮೆಯ ನೇಯ್ಗೆ ಹೆಂಗಸರು ದನಿ ತೆಗೆಯದೆ, ತುಟಿಯನ್ನಷ್ಟೇ ಅಗಲಗಲ ಆಡಿಸಿ ಮಾತಾಡಿಕೊಳ್ಳುತ್ತಿದ್ದರು. ಮೇಸ್ತ್ರಿಯ ಬೆನ್ನ ಹಿಂದೆಯೇ ಅವನ ಮಾನ ಹರಾಜು ಹಾಕುತ್ತಿದ್ದರು, ಪಾಪ, ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಮೇಸ್ತ್ರಿಯನ್ನೇ ಕರೆಯಬೇಕಾದಾಗ ಮಾತ್ರ ಹೊಟ್ಟೆಯಿಂದ ಕೂಗು ಎತ್ತಬೇಕಿತ್ತು. ಥೆಲ್ಮಾಳಿಗೆ ಎರಡೂ ಕರಗತವಾಗಿದ್ದವು.

ವೆಟ್ ಸ್ಲೇಟ್ಸ್ ಎಂಬ ಬ್ಯಾಂಡಿನ ಹುಡುಗರಲ್ಲಿ ಒಬ್ಬನ ಅಜ್ಜಿ ಆ ಬಿಂಗೊಗೆ ಕಾಯಂ ಗಿರಾಕಿ. ಅವನು ಅಜ್ಜಿಯ ಜೊತೆ ಬಂದು, ಕೋಟಿನೊಳಗೆ ಟೇಪ್ ರೆಕಾರ್ಡರ್ ಇಟ್ಟುಕೊಂಡು, ಥೆಲ್ಮಾಳ ದನಿ ಹಿಡಿದುಕೊಂಡು ಹೋದ. ಆಮೇಲೆ ಬಂದು, ನಮ್ಮ ಹಾಡಿಗೆ ಹಾಕಿಕೊಳ್ಳಲೇ ಆಂಟಿ ಎಂದು ಕೇಳಿದ. ಇವಳು ಹಾಕ್ಕೊಳ್ಳಪ್ಪ ಎಂದಳು. ಚಾಕೊಲೇಟ್ ಡಬ್ಬಿಯೊಂದನ್ನು ಕೊಟ್ಟು ಹೋದ. ಮುಂದಿನ ಬೇಸಿಗೆಗೆ ಆ ಹಾಡಿದ್ದ ಆಲ್ಬಂ ದೇಶದಲ್ಲೇ ಮೊದಲ ಸ್ಥಾನಕ್ಕೇರಿತು. ರಾತ್ರಿಯಿಡೀ ಕುಣಿಯಲು ಹುಡುಗರು ಟಿಕೆಟ್ ಕೊಂಡು ಸೇರುತ್ತಿದ್ದ ಖಾಲಿ ಗೋದಾಮುಗಳಲ್ಲಿ, ಹೊಲಗಳಲ್ಲಿ, ಕಾರುಗಳಲ್ಲಿ, ಕ್ಷೌರದಂಗಡಿಗಳಲ್ಲಿ ಅದೇ. ಚರ್ಚಿನ ಪಾದ್ರಿ ಕೂಡ ದುರಾಸೆಯ ಕುರಿತ ಉಪದೇಶದ ನಡುವೆ ಆ ಮಾತು ತಂದು, ಥೆಲ್ಮಾಳತ್ತ ನೋಡಿ ಕಣ್ಣು ಮಿಟುಕಿಸಿದ.

ಪಕ್ಕದ ಮನೆಯವರ ಪ್ಲೇಯರಿನಲ್ಲಿ ಅದನ್ನು ಮೊದಲು ಕೇಳಿದಾಗ ಥೆಲ್ಮಾಳ ಕಾಲು ತಾನಾಗಿ ತಾಳ ಹಾಕಿತ್ತು. ಚೆನ್ನಾಗಿಯೇ ಇತ್ತು, ಸುಳ್ಳೇಕೆ. ಆದರೆ ಡ್ರಮ್ಮಿನ ಬಡಿತ ನಿಲ್ಲಲೇ ಇಲ್ಲ. ಅದರ ನಡುವೆ ಅವಳ ದನಿ ನಿಂದಲ್ಲ, ನಿಂದಲ್ಲ, ನಿಂದಲ್ಲ ಎಂದು ಮತ್ತೆ ಮತ್ತೆ ಬಂತು. ಮಗ್ಗದ ಮನೆಗೆ ಮತ್ತೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದಂತಾಯಿತು ಅವಳಿಗೆ. ನಾವು ಯಾವ ಗದ್ದಲದಿಂದ ಕಿವಿ ಹಾಳುಮಾಡಿಕೊಂಡು ಹೊರಬಂದೆವೋ ಅದರೊಳಗೇ ಈ ಮಕ್ಕಳು ದುಡ್ಡು ಕೊಟ್ಟು ಹೋಗುತ್ತಿವೆಯಲ್ಲ ಎಂದುಕೊಂಡಳು.

ಬಿಂಗೊ ಮಂದಿರಕ್ಕೆ ಹುಡುಗ ಹುಡುಗಿಯರ ದಂಡು ಬರತೊಡಗಿತು. ಅವರಿಗೆ ಗೆಲ್ಲುವುದು ಬೇಕಿರಲಿಲ್ಲ. ಬೇಕೆಂದೇ ತಪ್ಪಾಗಿ "ಹೌಸ್" ಎಂದು ಅರಚಿ, ಥೆಲ್ಮಾಳ ಬಾಯಿಂದ ಆ ಮಾತು ಹೊರಡಿಸಿ ಕೇಕೆ ಹಾಕುವುದು ಬೇಕಿತ್ತು. ಅವಳು ಮ್ಯಾನೇಜರ್ ಹೋವರ್ತ್‌ನ ಬಳಿ ಹೋಗಿ, ನನ್ನನ್ನು ಟಿಕೆಟ್ ಕಿಟಕಿಗೆ ಹಾಕಿ ಎಂದು ಬೇಡಿಕೊಂಡಳು. ಅವನು ಕುರ್ಚಿ ಎಳೆದು ಕೂರಿಸಿ, ಟೀ ತರಿಸಿ, ಮುಚ್ಚುವ ಸ್ಥಿತಿಯಲ್ಲಿದ್ದ ಮಂದಿರ ನಿಮ್ಮಿಂದ ಉಳಿದಿದೆ ಎಂದ. ಮುಚ್ಚಿದರೆ ಈ ಮುದುಕಿಯರೆಲ್ಲ ಚಳಿಗಾಲದಲ್ಲಿ ಎಲ್ಲಿ ಹೋಗಿ ಕೂರಬೇಕು ಎಂದೂ ಕೇಳಿದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವನು ಅವನು. ಥೆಲ್ಮಾ ಟೀ ಮುಗಿಸಿ ವೇದಿಕೆಗೆ ವಾಪಸು ಹೋದಳು.

ಅವಳಿಗೆ ಉಳಿದದ್ದು ಗುರುವಾರದ ರಜೆ. ಗುರುವಾರ ಬಸ್ಸು ಹತ್ತಿ, ಗುಡ್ಡ ದಾಟಿ, ಟಾಡ್‌ಮರ್ಡನ್ನಿನ ಸಣ್ಣ ಬಿಂಗೊ ಮನೆಗೆ ಹೋಗುತ್ತಿದ್ದಳು. ಅವಳ ಮುಖ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ದನಿ ಮಾತ್ರ ಎಲ್ಲರಿಗೂ ಗೊತ್ತು. ಆದ್ದರಿಂದ ಕತ್ತಿಗೆ ಮಫ್ಲರ್ ಸುತ್ತಿಕೊಂಡು, ಗಂಟಲು ಕೆಟ್ಟಿದೆ ಎಂದು ಬೆರಳಲ್ಲಿ ತೋರಿಸಿ ಮೂಗಿಯಂತೆ ಕೂರುತ್ತಿದ್ದಳು. ಪಕ್ಕದಲ್ಲಿ ಕ್ಲಿಫರ್ಡ್ ಗ್ರೀನ್‌ವುಡ್ ಎಂಬ ನಿವೃತ್ತ ಬಸ್ ಇನ್ಸ್‌ಪೆಕ್ಟರ್. ಒಮ್ಮೆ ಅವಳು ಮರೆತು, ಟೀಯಲ್ಲಿ ಸಕ್ಕರೆ ಜಾಸ್ತಿ ಎಂದು ತುಟಿಯಲ್ಲೇ ಆಡಿದಳು. ಅವನು ತಟ್ಟನೆ, ಮುಂದಿನ ಸಲ ಕಮ್ಮಿ ಹಾಕಿಸುತ್ತೇನೆ ಎಂದ. ಅವನ ತಾಯಿ ನೇಕಾರಳು. ತೊಟ್ಟಿಲಲ್ಲಿದ್ದಾಗಿನಿಂದ ತುಟಿ ಓದಿದವನು ಅವನು.

ಅಲ್ಲಿಂದ ಅವಳ ವಾರ ಪೂರ್ತಿ ಗುರುವಾರದ ಕಡೆಗೇ ನಡೆಯಿತು. ಅವಳು ತುಟಿಯಲ್ಲಿ ಹೇಳುವಳು, ಅವನು ಅವಳ ಬಾಯನ್ನೇ ನೋಡುತ್ತ ಕೇಳುವನು. ಗಂಡ ತೀರಿಕೊಂಡದ್ದು, ಮಗಳಿಲ್ಲದ ಬೇಸರ, ಮೊಣಕಾಲಿನ ನೋವು, ಹೋವರ್ತ್‌ನ ಕೂದಲಿನ ಎಣ್ಣೆ, ಎಲ್ಲ ಹೇಳಿದಳು. ತಾನು ಎಲ್ಲಿ ಏನು ಕೆಲಸ ಮಾಡುತ್ತೇನೆಂಬುದೊಂದನ್ನು ಬಿಟ್ಟು.

"ನಿಮ್ಮಂಥೋರು ಸಿಕ್ಕಿದ್ದು ನನ್ನ ಪುಣ್ಯ ಕಣ್ರೀ," ಎಂದು ಅವನು ರೇಗಿಸುತ್ತಿದ್ದ. "ನನ್ನ ಹೆಂಡ್ತಿ ಇದ್ದಾಗ ಮನೇಲಿ ರೇಡಿಯೋನೇ ಬೇಕಿರ್ಲಿಲ್ಲ."

ಒಂದು ದಿನ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಕಾರೊಂದು ಆ ಹಾಡನ್ನು ಕಿರುಚುತ್ತ ಹೋಯಿತು. ಕ್ಲಿಫರ್ಡ್ ಹೊಟ್ಟೆ ಹಿಡಿದು ನಕ್ಕ. ಮೊಮ್ಮಗ ದಿನವಿಡೀ ಇದನ್ನೇ ಹಾಕುತ್ತಾನೆ, ಆ ಹೆಂಗಸು ಎಲ್ಲಾದರೂ ಸಿಕ್ಕರೆ ಒಂದು ಟೀ ಕುಡಿಸಬೇಕು ಎಂದ. ಅವನು ಕೊಡಿಸಿದ ಟೀ ಥೆಲ್ಮಾಳ ಹೊಟ್ಟೆಯಲ್ಲಿ ಇನ್ನೂ ಬೆಚ್ಚಗಿತ್ತು. ಅವಳು ಮಫ್ಲರನ್ನು ಇನ್ನೊಂದು ಸುತ್ತು ಬಿಗಿದುಕೊಂಡಳು.

ಕ್ಲಿಫರ್ಡನಿಗೆ ಒಂದೇ ಆಸೆ. ಅವನ ಅಣ್ಣ ಕೆನಡಾದಲ್ಲಿ ಹಾಸಿಗೆ ಹಿಡಿದಿದ್ದ. ದೊಡ್ಡ ಆಟ ಗೆದ್ದರೆ ವಿಮಾನ ಹತ್ತುವುದು, ಕೊನೆಗೊಮ್ಮೆ ಮುಖ ನೋಡಿ ಬರುವುದು. ಪ್ರತಿ ವಾರ ತಮಾಷೆಯಾಗಿಯೇ ಹೇಳುತ್ತಿದ್ದ, ಆದರೆ ಸೋತ ಚೀಟಿಯನ್ನು ಅವನು ಎಸೆಯದೆ ಮಡಿಸಿ ಜೇಬಿಗಿಡುವುದನ್ನು ಥೆಲ್ಮಾ ನೋಡಿದ್ದಳು.

ನವೆಂಬರಿನ ಒಂದು ಗುರುವಾರ ದೊಡ್ಡ ಆಟದ ನಡುವೆ ಅವನಿಗೆ ಅವಸರವಾಯಿತು. ವಯಸ್ಸಾದವರ ಪಾಡು. ಎದ್ದು ಹೋಗುವವರ ಚೀಟಿಯನ್ನು ಪಕ್ಕದವರು ನೋಡಿಕೊಳ್ಳುವುದು ಅಲ್ಲಿನ ಪದ್ಧತಿ. ಅವನು ತನ್ನ ಚೀಟಿಯನ್ನು ಅವಳ ಮುಂದೆ ಸರಿಸಿ, ಸ್ವಲ್ಪ ನೋಡ್ಕೊಳ್ಳಿ ಎಂದು ಹೇಳಿ ಹೋದ. ಥೆಲ್ಮಾ ಅವನ ಚೀಟಿಯಲ್ಲೂ ತನ್ನದರಲ್ಲೂ ಹೊಡೆಯುತ್ತ ಹೋದಳು. ಅವನದರಲ್ಲಿ ಒಂದೇ ಸಂಖ್ಯೆ ಉಳಿಯಿತು. ಅವಳು ಬಾಗಿಲ ಕಡೆ ನೋಡಿದಳು. ಅವನಿಲ್ಲ.

"ಬಾಗಿಲ ಕೀಲಿಕೈ, ಇಪ್ಪತ್ತೊಂದು," ಎಂದ ಅಲ್ಲಿ ಕೂಗುವವನು.

ಇಪ್ಪತ್ತೊಂದೇ ಬೇಕಿದ್ದದ್ದು. ಥೆಲ್ಮಾ ಪಕ್ಕದ ಹೆಂಗಸಿನ ತೋಳು ಹಿಡಿದು ತುಟಿ ಆಡಿಸಿದಳು. ಆ ಹೆಂಗಸು, ಏನ್ರೀ, ನೀರು ಬೇಕಾ ಎಂದಳು. ಥೆಲ್ಮಾ ಎದ್ದು ನಿಂತು ಕೈ ಬೀಸಿದಳು, ಎಲ್ಲರೂ ತಲೆ ತಗ್ಗಿಸಿ ಚೀಟಿ ನೋಡುತ್ತಿದ್ದರು. ಕೂಗುವವನು ಮುಂದಿನ ಚೆಂಡಿಗೆ ಕೈ ಹಾಕುವುದು ಕಾಣಿಸಿತು. ಉಸಿರೆಳೆದುಕೊಂಡು ಬಾಯಿ ತೆರೆಯುವುದೂ ಕಾಣಿಸಿತು. ಅವಳಿಗೆ ಆ ಉಸಿರಿನ ಅಳತೆ ಗೊತ್ತಿತ್ತು.

"ಹೌಸ್!"

ಮಗ್ಗದ ಮನೆಯ ಮೇಸ್ತ್ರಿಗೂ ಕೇಳಿಸುವಂಥ ಕೂಗು ಅದು. ತಗ್ಗಿದ್ದ ತಲೆಗಳೆಲ್ಲ ಅವಳತ್ತ ತಿರುಗಿದವು. ಆಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು, ಅಯ್ಯೋ ಅವಳೇ ಕಣ್ರೇ ಎಂದಳು. ಯಾರೋ ಮೇಜು ಬಡಿಯತೊಡಗಿದರು. ಇಡೀ ಮನೆ ಒಂದೇ ದನಿಯಲ್ಲಿ ಹಾಡಿತು: ನಿಂದಲ್ಲ ಚಿನ್ನ, ಕೂತ್ಕೋ, ನಿಂದಲ್ಲ, ನಿಂದಲ್ಲ, ನಿಂದಲ್ಲ. ಕೆಟ್ಟತನದಿಂದ ಹಾಡಿದ್ದಲ್ಲ, ಪ್ರೀತಿಯಿಂದಲೇ ಹಾಡಿದರು. ಬಡಿತದ ನಡುವೆಯೇ ಚೀಟಿ ಪರೀಕ್ಷಿಸುವವಳು ಬಂದು, ಸಂಖ್ಯೆಗಳನ್ನು ಓದಿ, ಸರಿಯಾಗಿದೆ ಎಂದು ಕೈ ಎತ್ತಿದಳು.

ಕ್ಲಿಫರ್ಡ್ ಬಾಗಿಲಲ್ಲಿ ನಿಂತಿದ್ದ. ಗೆದ್ದದ್ದು ಅವನದೇ ಚೀಟಿ ಎಂದು ಯಾರೋ ಹೇಳಿದರು. ಅವನ ಕಣ್ಣು ತುಂಬಿತು. ನಡುವಿನ ಕುರ್ಚಿಗಳನ್ನು ಸರಿಸಿಕೊಂಡು ಬಂದು ಅವಳ ಎರಡೂ ಕೈ ಹಿಡಿದುಕೊಂಡ. ಅಣ್ಣನ ಹೆಸರು ಹೇಳಿದ, ಥ್ಯಾಂಕ್ಸ್ ಹೇಳಿದ. ಆಮೇಲೆ ಅವನ ಮುಖದಲ್ಲಿ, ಮೀನಂಗಡಿಯವನ ಮುಖದಲ್ಲಿ ದಿನವೂ ನೋಡುವ ಆ ನಗು ಮೂಡಿತು.

"ನೀವೇನಾ ಅದು? ಇಷ್ಟು ದಿನ ಪಕ್ಕದಲ್ಲೇ ಇಟ್ಕೊಂಡು ಕೂತಿದ್ದೆನಲ್ರೀ! ಒಂದ್ಸಲ ಹೇಳ್ರೀ. ನನಗೋಸ್ಕರ."

ಥೆಲ್ಮಾ ತುಟಿಯಲ್ಲಿ ಹೇಳಿದಳು: ಅದು ಬೇಡ ಕ್ಲಿಫರ್ಡ್, ನೀವೂ ಕೇಳಬೇಡಿ. ಅಗಲವಾಗಿ, ನಿಧಾನವಾಗಿ, ಒಂದಕ್ಷರವೂ ತಪ್ಪದ ಹಾಗೆ ಹೇಳಿದಳು. ಆದರೆ ಅವನು ಅವಳ ತುಟಿ ನೋಡುತ್ತಿರಲಿಲ್ಲ. ತಲೆ ಓರೆ ಮಾಡಿ, ಕಣ್ಣು ಮುಚ್ಚಿ, ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದಿದ್ದ.

"ನಿಂದಲ್ಲ ಚಿನ್ನ," ಎಂದಳು ಥೆಲ್ಮಾ, "ಕೂತ್ಕೋ."

ಕ್ಲಿಫರ್ಡ್ ನಗುತ್ತ ಕೂತುಕೊಂಡ.